ವಿಭೂತಿ ಹಚ್ಚಿ ಕಬ್ಬಿಣ ಎತ್ತಿದ್ದು

ನಮ್ಮ ಅತ್ತೆಯವರು ಹೊಸಬರನ್ನು ಕಂಡರೆ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಭವಿಷ್ಯ ಹೇಳಲಿಕ್ಕೆ ಎಂದುಕೊಂಡಿರಾ? ಅಲ್ಲ ಸ್ವಾಮಿ, ಹಿಡಿತ ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯಲಿಕ್ಕೆ! ಅವರ ಪಾಲಿಗೆ ಲೋಕದಲ್ಲಿರುವುದು ಎರಡೇ ಬಗೆಯ ಜನ: ಹಿಡಿದದ್ದನ್ನು ಬಿಡದವರು, ಬೀಳಿಸುವವರು.

ನನ್ನನ್ನು ನೋಡಲು ರಾಯಚೂರಿನಿಂದ ಮೈಸೂರಿಗೆ ಬಂದಾಗಲೂ ಹಾಡು ಹೇಳು ಎನ್ನಲಿಲ್ಲ, ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದು ನನ್ನ ಮುಂದಿಟ್ಟು, ಮುಚ್ಚಳ ತೆಗೆ ಎಂದರು. ಹಲ್ಲು ಕಚ್ಚಿದೆ, ಸೆರಗು ಸುತ್ತಿ ತಿರುಗಿಸಿದೆ. ಮುಚ್ಚಳ ಅಲುಗಲಿಲ್ಲ. ನನ್ನ ಕೈಲಿ ಆಗಲ್ಲ ಎಂದು ಒಪ್ಪಿಕೊಂಡೆ. ಸಂಬಂಧ ತಪ್ಪಿತೆಂದು ನಮ್ಮಮ್ಮನ ಮುಖ ಸಣ್ಣಗಾಯಿತು. ಅತ್ತೆ ಮಾತ್ರ ಅಲ್ಲೇ ಒಪ್ಪಿಗೆ ಕೊಟ್ಟುಬಿಟ್ಟರು. "ಹುಡುಗಿ ಕೈಯಾಗ ಶಕ್ತಿ ಇಲ್ರಿ. ಆದ್ರ ಬಾಯಾಗ ಸುಳ್ಳೂ ಇಲ್ಲ."

ಮದುವೆಯಾಗಿ ನಾವು ಹೈದರಾಬಾದಿನ ನಾರಾಯಣಗೂಡದಲ್ಲಿ ಮನೆ ಮಾಡಿದೆವು. ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರಿನ ಮುಂದೆ ಕೂರುವವರೇ. ಅತ್ತೆಯೂ ಜೊತೆಗೆ ಬಂದರು. ಒಮ್ಮೆ ಕೋಠಿಗೆ ಹೋಗುವ ಬಸ್ಸಿನಲ್ಲಿ ಎರಡೇ ಬೆರಳಿನಿಂದ ಕಂಬಿ ಹಿಡಿದು ನಿಂತಿದ್ದ ತರುಣನಿಗೆ ತಮ್ಮ ರಾಯಚೂರು ಹಿಂದಿಯಲ್ಲಿ ಬುದ್ಧಿ ಹೇಳತೊಡಗಿದರು. ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು. ತರುಣ ಹೋಗಿ ಬಿದ್ದದ್ದು ಅತ್ತೆಯ ಮೇಲೆಯೇ. ಅತ್ತೆ ಕಂಬಿ ಬಿಡಲಿಲ್ಲ, ಬುದ್ಧಿ ಹೇಳುವುದನ್ನೂ ಬಿಡಲಿಲ್ಲ.

ಮಗಳು ಹುಟ್ಟಿದ ಮೇಲೆ ನನ್ನ ಬೆನ್ನು ಕೈಕೊಟ್ಟಿತು. ಮಗುವನ್ನು ಎತ್ತಲೇಬಾರದು ಎಂದರು ಡಾಕ್ಟರು. ಮಗಳು ಕಾಲ ಬಳಿ ನಿಂತು ಎರಡೂ ತೋಳು ಚಾಚಿದರೆ ನಾನು ಬೇಡ ಕಂದಾ ಎನ್ನಬೇಕು. ಅತ್ತೆ ಬಂದು ಎತ್ತಿ ನನ್ನ ಮಡಿಲಲ್ಲಿ ಕೂರಿಸಬೇಕು. ದಿನಕ್ಕೆ ಎಷ್ಟು ಸಲವೋ, ಒಮ್ಮೆಯೂ ಗೊಣಗಲಿಲ್ಲ. ಆದರೆ ಬರಬರುತ್ತಾ ಮಗಳು ನನ್ನತ್ತ ತೋಳು ಚಾಚುವುದನ್ನೇ ಬಿಟ್ಟಳು. ನೇರ ಅಜ್ಜಿಯ ಹತ್ತಿರ ಹೋಗುತ್ತಿದ್ದಳು. ಅದು ಬೆನ್ನುನೋವಿಗಿಂತ ಹೆಚ್ಚು ನೋಯುತ್ತಿತ್ತು.

ನೋವು ಇಳಿದ ಮೇಲೆ ಡಾಕ್ಟರೇ ಜಿಮ್ಮಿಗೆ ಕಳಿಸಿದರು. ಕೆಳಗೆ ಕೋಚಿಂಗ್ ಸೆಂಟರ್, ಮೇಲೆ ಜಿಮ್ಮು. ಭಾರ ಎತ್ತುವ ಕಡೆ ಸೊಸೆಯನ್ನು ಒಬ್ಬಳನ್ನೇ ಬಿಡುವುದುಂಟೇ? ಮಗಳನ್ನು ಅವಳಪ್ಪನಿಗೆ ಒಪ್ಪಿಸಿ ಅತ್ತೆಯೂ ಬಂದು ಬೆಂಚಿನ ಮೇಲೆ ಕೂತರು. ನನಗೆ ಕಲಿಸಿದ್ದು ಡೆಡ್‌ಲಿಫ್ಟ್: ನೆಲದ ಮೇಲಿನ ಕಬ್ಬಿಣದ ಸರಳನ್ನು ಬೆನ್ನು ಬಾಗಿಸದೆ ತೊಡೆಯವರೆಗೆ ಎತ್ತಿ ನಿಲ್ಲುವುದು. ಟ್ರೇನರ್ ಒಂದು ತೂಕ ತೋರಿಸಿ, ಇದನ್ನು ಎತ್ತಿದ ದಿನ ಮಗಳನ್ನು ಹೆದರದೆ ಎತ್ತಿಕೊಳ್ಳಿ ಎಂದ. ತಿಂಗಳುಗಳಲ್ಲಿ ಬೆನ್ನೇನೋ ಗಟ್ಟಿಯಾಯಿತು. ಆದರೆ ಆ ತೂಕ ಹಾಕಿದರೆ ಸರಳು ಬೆರಳಿನಿಂದ ಜಾರಿಬಿಡುತ್ತಿತ್ತು!

ಹಿಡಿಯುವ ಬಗೆ ಬದಲಿಸಿ ಎಂದ ಟ್ರೇನರ್. ಹಿಡಿತದ ಮಾತು ಬಂದ ಮೇಲೆ ಅತ್ತೆ ಸುಮ್ಮನಿರುತ್ತಾರೆಯೇ? ಮಣಿಕಟ್ಟಿಗೂ ಸರಳಿಗೂ ಪಟ್ಟಿ ಸುತ್ತಿಕೊಳ್ಳುವುದು ಕಳ್ಳಾಟವಂತೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಸಿಕ್ಕಿಸಿಕೊಂಡು ಅದು ಜಜ್ಜಿಹೋದರೆ ನಾಳೆ ರೊಟ್ಟಿ ಬಡಿಯುವವರು ಯಾರಂತೆ. ಇನ್ನು ಒಂದು ಕೈ ಮೇಲಿನಿಂದ, ಇನ್ನೊಂದು ಅಡಿಯಿಂದ ಹಿಡಿಯುವ ಮಿಶ್ರ ಹಿಡಿತವನ್ನು ಕಂಡು ನಕ್ಕೇಬಿಟ್ಟರು. "ಒಂದು ಕೈ ಬಾ ಅಂತೈತಿ, ಇನ್ನೊಂದು ಹೋಗು ಅಂತೈತಿ. ಕಬ್ಬಿಣ ಯಾರ ಮಾತು ಕೇಳಬೇಕವಾ?" ಎರಡೂ ಕೈ ಮೇಲಿನಿಂದಲೇ ಇರಲಿ ಎಂದು ತೀರ್ಪಾಯಿತು. ಜಾರದಿರಲು ಎಲ್ಲರೂ ಸೀಮೆಸುಣ್ಣದ ಪುಡಿ ಹಚ್ಚಿದರೆ, ಅತ್ತೆ ಮನೆಯಿಂದ ವಿಭೂತಿ ಗಟ್ಟಿ ತಂದು ನನ್ನ ಅಂಗೈಗೆ ತಿಕ್ಕಿದರು.

ಜಿಮ್ಮಿನ ಸಾಫ್ಟ್‌ವೇರ್ ಹುಡುಗರಿಗೂ ಅದು ಹಿಡಿಸಿತು. ಅಮ್ಮಾ, ಥೋಡಾ ದೇವೋ, ನಮಗೂ ಚೂರು ಕೊಡಿ ಎಂದು ಒಬ್ಬೊಬ್ಬರಾಗಿ ಕೈಯೊಡ್ಡಿದರು. ಎತ್ತಿ ಬೆವರಿ ಅದೇ ಕೈಯಲ್ಲಿ ಹಣೆ ಒರೆಸಿಕೊಂಡು ಕೆಳಗಿಳಿದರೆ, ಕೋಚಿಂಗ್ ಸೆಂಟರಿನ ಕಾವಲುಗಾರ ಮೇಲೆ ಮಠವಿದೆಯೆಂದು ತಿಳಿದು ಚಪ್ಪಲಿ ಬಿಟ್ಟೇ ಹತ್ತಿಬಂದ. ಇಷ್ಟಾದರೂ ನನ್ನ ಸರಳು ಮಾತ್ರ ಜಾರುತ್ತಲೇ ಇತ್ತು.

ಒಂದು ಭಾನುವಾರ ಮಗಳು ಚಾಪೆಯ ಮೇಲೆ ಆಡುತ್ತಾ ನಿದ್ದೆಹೋಗಿದ್ದಳು. ಅತ್ತೆ ಅವಳನ್ನು ಎತ್ತುತ್ತಿದ್ದರು. ಒಂದು ಅಂಗೈ ಮಗುವಿನ ಅಡಿಗೆ, ಇನ್ನೊಂದು ಬೆನ್ನಿನ ಮೇಲೆ.

"ಅತ್ತೆ, ನಿಮ್ಮ ಕೈ ನೋಡ್ಕೊಳ್ಳಿ. ಒಂದು ಕೆಳಗಿಂದ, ಒಂದು ಮೇಲಿಂದ" ಎಂದೆ.

ಅತ್ತೆ ನೋಡಿಕೊಂಡರು. ಕೂಸು ಬೇರೆ, ಕಬ್ಬಿಣ ಬೇರೆ ಎಂದು ಗದರಿ ಒಳಗೆ ನಡೆದರು. ಆದರೆ ಮುಂದಿನ ಸಲ ಜಿಮ್ಮಿನಲ್ಲಿ ಅದೇ ತೂಕ ಹಾಕಿ ನಾನು ಬಗ್ಗಿದಾಗ ಬೆಂಚು ಬಿಟ್ಟೆದ್ದು ಬಂದು, ನನ್ನ ಎಡಗೈಯನ್ನು ತಾವೇ ತಿರುಗಿಸಿ ಸರಳಿನ ಅಡಿಗಿಟ್ಟರು. "ಕೂಸಿನ್ನ ಎತ್ತಿದಂಗ ಎತ್ತವಾ" ಎಂದರು, ನನಗಷ್ಟೇ ಕೇಳುವಂತೆ.

ಸರಳು ಎದ್ದಿತು. ಜಾರಲಿಲ್ಲ.

ಮನೆಗೆ ಬಂದೆವು. ಬಾಗಿಲಿಗೇ ಓಡಿಬಂದ ಮಗಳು ಎಂದಿನಂತೆ ಅಜ್ಜಿಯತ್ತ ತೋಳು ಚಾಚಿದಳು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು.

"ನನ್ನ ಕೈ ಭಾಳ ನೋಯಾಕತ್ತಾವವ್ವಾ. ನಿಮ್ಮವ್ವನ ಹತ್ರ ಹೋಗು."

ಮಗಳು ಒಂದು ಕ್ಷಣ ಅಜ್ಜಿಯನ್ನೇ ನೋಡಿದಳು. ಆಮೇಲೆ ತಿರುಗಿ, ಎಷ್ಟೋ ತಿಂಗಳ ನಂತರ, ನನ್ನತ್ತ ತೋಳು ಚಾಚಿದಳು. ಎತ್ತಿಕೊಂಡೆ. ಅವಳ ಫ್ರಾಕಿನ ಬೆನ್ನಿನ ಮೇಲೆ ನನ್ನ ಐದು ಬೆರಳೂ ವಿಭೂತಿಯಲ್ಲಿ ಮೂಡಿದವು.

ಅತ್ತೆಯ ಕೈ ನೋವೇ? ಮರುಗಳಿಗೆಯಲ್ಲೇ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಬಾಯಲ್ಲಿ ಸುಳ್ಳಿಲ್ಲವೆಂದು ನನ್ನನ್ನು ಮನೆಗೆ ತಂದುಕೊಂಡವರು, ಅವತ್ತು ನನಗೋಸ್ಕರ ಮೊಮ್ಮಗಳಿಗೆ ಸುಳ್ಳು ಹೇಳಿದ್ದರು.