ಸರೋವರದ ಅಧಿಕೃತ ಮೊಣಕಾಲು

ದೋಣಿ ಕಟ್ಟೆ ನಡೆಸುವುದು ನನ್ನಿಂದ ಆಗದ ಕೆಲಸ ಎಂದು ಮೊದಲು ಘೋಷಿಸಿದವರು ನನ್ನ ಚಿಕ್ಕಪ್ಪ. "ಕೊಕ್ಕರೆ ಹಾಗೆ ಕಾಲು ಬೆಳೆಸ್ಕೊಂಡ್ರೆ ಆಗಲ್ಲ ಕಣೇ, ನೀನು ಮೊಣಕಾಲುದ್ದ ನೀರಲ್ಲೇ ಮುಳುಗೋಳು" ಎಂದರು. ಮನೆಯವರೆಲ್ಲ ನಕ್ಕರು. ನಾನು ಮರುದಿನವೇ ನೀರಿನೊಳಕ್ಕೆ ಚಾಚುವ ಕಟ್ಟೆಗೆಂದು ಮರದ ಕಂಬ ತರಿಸಿದೆ.

ನಮ್ಮ ಸರೋವರದ ದಡ ಎಲ್ಲಿ ಮುಗಿಯುತ್ತದೆ, ಆಳ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಸರೋವರ ನಿರ್ಧರಿಸುವಂತಿಲ್ಲ. ಅದಕ್ಕೆ ದಡ ಕಚೇರಿ ಇದೆ. ನಿಯಮದ ಪ್ರಕಾರ ನೀರಿನಂಚಿನಿಂದ ಮೊಣಕಾಲುದ್ದ ನೀರಿನವರೆಗಿನ ಜಾಗ 'ದಡದ ನೀರು'. ಅಲ್ಲಿ ಪರವಾನಗಿ ಪಡೆದು ಕಟ್ಟೆ ನಡೆಸಬಹುದು. ಅದರಾಚೆಯದು 'ಆಳದ ನೀರು'. ಅಲ್ಲಿ ಒಂದು ಗೂಟ ಕಂಡರೂ ಕೀಳತಕ್ಕದ್ದು. ಮೊಣಕಾಲು ಎಂದರೆ ದಡಾಧಿಕಾರಿಗಳ ಮೊಣಕಾಲು. ಬೇರೆಯವರ ಮೊಣಕಾಲು ನೆನೆದರೆ ಅದು ಖಾಸಗಿ ವಿಷಯ.

ನಾನು ಕಟ್ಟೆ ಕಟ್ಟಿದಾಗ ಇದ್ದ ಅಧಿಕಾರಿ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುವಷ್ಟು ಉದ್ದ. ಪ್ಯಾಂಟು ಮಡಚಿ ನೀರಿಗಿಳಿದರು. ಕಟ್ಟೆಯ ಕೊನೆಯ ಕಂಬ ದಾಟಿದರೂ ಅವರ ಮೊಣಕಾಲು ಒಣಗಿಯೇ ಇತ್ತು. ಪರವಾನಗಿ ಸಿಕ್ಕಿತು. ಪೆಡಲ್ ದೋಣಿಗಳು ಬಂದವು, ಜನ ಬಂದರು, ಚಿಕ್ಕಪ್ಪ ಮಾತ್ರ ಬರಲಿಲ್ಲ.

ಆಮೇಲೆ ಆ ಅಧಿಕಾರಿಗೆ ವರ್ಗವಾಯಿತು. ಹೊಸಬರು ಕುರ್ಚಿಯಲ್ಲಿ ಕೂತರೆ ಪಾದ ನೆಲ ಮುಟ್ಟುತ್ತಿರಲಿಲ್ಲ. ಬಂದವರೇ ಮರು ಅಳತೆಗಿಳಿದರು. ಕಟ್ಟೆಯ ಅರ್ಧ ತಲುಪುವ ಮೊದಲೇ ಮೊಣಕಾಲು ನೆನೆಯಿತು. ಉಳಿದರ್ಧ ಆಳದ ನೀರನ್ನು ಅತಿಕ್ರಮಿಸಿದೆ, ಕೂಡಲೇ ಕೀಳತಕ್ಕದ್ದು ಎಂದು ನೋಟಿಸು ಬಂತು. ದೋಣಿಗಳನ್ನು ಕಟ್ಟುವುದೇ ಆ ಅರ್ಧದಲ್ಲಿ. ಅದು ಹೋದರೆ ನನಗೆ ಉಳಿಯುವುದು ಕಾಲು ಇಳಿಬಿಟ್ಟು ಕೂರಲು ಒಂದು ಹಲಗೆ.

"ಸಾರ್, ನೀರು ಅಷ್ಟೇ ಇದೆ, ಕಟ್ಟೆನೂ ಅಲ್ಲೇ ಇದೆ. ಬದಲಾಗಿದ್ದೇನು?"

"ಮೊಣಕಾಲು ಕಣಮ್ಮ" ಎಂದರು ಅಧಿಕಾರಿ, ತುಂಬ ಸಮಾಧಾನದಿಂದ. "ಸರ್ಕಾರದ ಮೊಣಕಾಲು ಬದಲಾಗಿದೆ."

ಹೊರಗೆ ಗುಮಾಸ್ತ ಪಿಸುಗುಟ್ಟಿದ: "ಅಕ್ಕಾ, ಸಾಹೇಬ್ರಿಗೆ ಒಂದು ಜೊತೆ ಬೂಟು ಕೊಡ್ಸಿ. ಅಟ್ಟೆ ದಪ್ಪ ಇರ್ಲಿ. ಮೊಣಕಾಲು ತಾನಾಗೇ ಮೇಲೇರತ್ತೆ. ನಿಮ್ಮ ಪಕ್ಕದ ಹೋಟೆಲಿನವರು ಆಗ್ಲೇ ಕೊಡ್ಸಿದಾರೆ."

"ನನ್ನ ಕಟ್ಟೆ ನಾನು ನೆಟ್ಟ ಕಂಬದ ಮೇಲೆ ನಿಂತಿದೆ. ಅವರ ಬೂಟಿನ ಮೇಲೆ ನಿಲ್ಸಲ್ಲ."

"ಹಠ ಜಾಸ್ತಿ ಆಯ್ತಕ್ಕಾ ನಿಮ್ದು."

ನೋಟಿಸು ಬಂದರೂ ನಾನು ಕಂಬ ಕೀಳಲಿಲ್ಲ. ಹಠ ನನ್ನೊಬ್ಬಳದೇ ಆಗಿತ್ತು. ದಡದ ಮಿಕ್ಕವರೆಲ್ಲ ಬೂಟು ಕೊಡಿಸಿದರು. ಯಾರ ಮನೆ ಮುಂದೆ ಅಳತೆಯೋ ಅವರ ಬೂಟು ಎಂದು ಕಚೇರಿ ನ್ಯಾಯವಾಗಿಯೇ ನಡೆದುಕೊಂಡಿತು. ದಡದ ಗೆರೆ ಗರಗಸದ ಹಲ್ಲಿನಂತಾಯಿತು. ಹೋಟೆಲಿನವರು ತಾವೇನು ಕಮ್ಮಿ ಎಂದು ಇನ್ನೂ ಎತ್ತರದ ಬೂಟು ಮಾಡಿಸಿಕೊಟ್ಟರು. ಅದನ್ನು ಹಾಕಿ ನೀರಿಗಿಳಿದ ಅಧಿಕಾರಿ ಮಗುಚಿ ಬಿದ್ದರು. ಬಿದ್ದ ಜಾಗ ದಡವೋ ಆಳವೋ ತೀರ್ಮಾನವಾಗದೆ, ಯಾವ ಕಚೇರಿಯವರು ಎತ್ತಬೇಕೆಂದು ತಿಳಿಯದೆ, ಅವರು ಸ್ವಲ್ಪ ಹೊತ್ತು ಅಲ್ಲೇ ಇರಬೇಕಾಯಿತು.

ಇದರಿಂದ ಎಚ್ಚೆತ್ತ ಮೇಲಿನ ಕಚೇರಿ ಪ್ರಕಟಣೆ ಹೊರಡಿಸಿತು: "ಸರೋವರದ ಉಪಯೋಗಕ್ಕೆ ಒಂದು ಕಾಯಂ ಮೊಣಕಾಲು ಬೇಕಾಗಿದೆ. ವರ್ಗಾವಣೆಯಾಗದ, ಇನ್ನು ಬೆಳೆಯದ ಮೊಣಕಾಲುಳ್ಳ ಸ್ಥಳೀಯರು ಬರಿಗಾಲಿನಲ್ಲಿ, ಕಾಲು ಸಮೇತ ಹಾಜರಾಗತಕ್ಕದ್ದು."

ಹೋದೆ. ಸಾಲಿನಲ್ಲಿ ಚಿಕ್ಕಪ್ಪ ಆಗಲೇ ಪ್ಯಾಂಟು ಮಡಚಿ ನಿಂತಿದ್ದರು. ಅವರಿಗೂ ದಡದಲ್ಲಿ ಒಂದು ತುಂಡು ಜಾಗವಿದೆ.

"ನೀನ್ಯಾಕೆ ಬಂದೆ? ಇದು ಮರ್ಯಾದಸ್ಥರ ಮೊಣಕಾಲಿನ ಕೆಲಸ."

"ನಿಮ್ಮದನ್ನ ಆರಿಸಿದ್ರೆ ಆಳದ ನೀರು ನಮ್ಮ ಬಾಗಿಲಿಗೇ ಬರತ್ತೆ ಚಿಕ್ಕಪ್ಪ."

ಒಬ್ಬೊಬ್ಬರಾಗಿ ನೀರಿಗಿಳಿದೆವು. ಚಿಕ್ಕಪ್ಪ ಬೇಗ ನಿಂತರು. ನಾನು ಅವರನ್ನು ದಾಟಿ, ನನ್ನ ಕೊನೆಯ ಕಂಬ ದಾಟಿ, ಹೋಟೆಲಿನವರ ಬೂಟು ಮುಟ್ಟಿದ್ದ ಜಾಗವನ್ನೂ ದಾಟಿ, ಜೊಂಡು ಬೆಳೆದಲ್ಲಿಗೆ ಹೋಗಿ ನಿಂತೆ. ಆಗ ಮೊಣಕಾಲು ನೆನೆಯಿತು. ದಡದವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು: ಮೊಣಕಾಲು ಎತ್ತರವಾದಷ್ಟೂ ತಮ್ಮ ಜಾಗ ಉದ್ದ. ಮೊದಲ ಚಪ್ಪಾಳೆ ಹೋಟೆಲಿನವರದು. ಇಷ್ಟು ಪ್ರಾಮಾಣಿಕ ಮೊಣಕಾಲನ್ನು ತಾವು ಕಂಡಿಲ್ಲವೆಂದರು. ಜೊಂಡಿನಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳ ಅಭಿಪ್ರಾಯ ಕೇಳಲು ನಿಯಮದಲ್ಲಿ ಅವಕಾಶವಿರಲಿಲ್ಲ. ಆ ಹೊತ್ತಿನಲ್ಲಿ ನಾನೂ ಕೇಳಲಿಲ್ಲ.

"ನಾನು ಅವತ್ತೇ ಹೇಳಿರ್ಲಿಲ್ವಾ" ಎಂದು ಚಿಕ್ಕಪ್ಪ ಎಲ್ಲರಿಗೂ ಕೇಳುವಂತೆ ಕೂಗಿದರು, "ನಮ್ಮ ಹುಡುಗೀದು ಕೊಕ್ಕರೆ ಕಾಲು ಅಂತ!"

ನನ್ನ ಎಡ ಮೊಣಕಾಲಿಗೆ ಕಚೇರಿಯ ಮೊಹರು ಬಿತ್ತು. ಈಗ ನನ್ನ ಕಾಲೆಳೆಯುವವರಿಲ್ಲ. ಎಳೆದರೆ ಸರ್ಕಾರಿ ಆಸ್ತಿಗೆ ಧಕ್ಕೆ ತಂದಂತೆ. ಬೆಳಿಗ್ಗೆ ಎದುರಾದವರು "ಚೆನ್ನಾಗಿದೀರಾ" ಎನ್ನುವುದಿಲ್ಲ, "ಮೊಣಕಾಲು ಚೆನ್ನಾಗಿದೆಯಾ" ಎನ್ನುತ್ತಾರೆ.

ಚೆನ್ನಾಗಿಲ್ಲ. ಊದಿಕೊಂಡಿದೆ, ಮಡಚಲಾಗದು. ಡಾಕ್ಟರು ಬದಲಾಯಿಸಲೇಬೇಕು ಎಂದರು. ಅನುಮತಿ ಕೇಳಿ ಬರೆದೆ. ಕಚೇರಿಯಿಂದ ಉತ್ತರ ಬಂತು: "ಮೊಣಕಾಲು ಬದಲಾದರೆ ದಡ ಬದಲಾಗುತ್ತದೆ. ಸಹಿಸಿಕೊಳ್ಳತಕ್ಕದ್ದು." ಸರಿಯಾದ ಮಾತೇ ಎಂದು ದಡದವರೆಲ್ಲ ಒಪ್ಪಿದರು. ಯೋಚಿಸಿದರೆ ನನಗೂ ಹಾಗೇ ಅನಿಸಿತು.

ಕಟ್ಟೆ ಈಗ ಪೂರ್ತಿ ನನ್ನದು. ದೋಣಿಗಳು ನನ್ನವು. ಬಲಗಾಲೂ ನನ್ನದೇ. ಎಡ ಮೊಣಕಾಲು ಕಚೇರಿಯದು. ನೋಯುವಾಗ ಮಾತ್ರ ನನ್ನ ವಶಕ್ಕೆ ಕೊಡುತ್ತಾರೆ.