ತುಳಜಾಬಾಯಿಯ ರಂಜಣಿಗೆಗೆ ಬಿದ್ದ ಕಲ್ಲು

ಆ ದಿನ ಬೆಳಗ್ಗೆ ಕ್ಷೌರಕ್ಕೆ ಕೂತಾಗ ಶಾಂತಪ್ಪ ಮಾಸ್ತರರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. “ಒಗದ ಕಲ್ಲು ಎಲ್ಲಿ ಬೀಳ್ತದ, ಬಿದ್ದ ಕಲ್ಲು ಎಲ್ಲಿಂದ ಬಂತು, ಎಲ್ಲಾ ಲೆಕ್ಕದಾಗ ಸಿಗ್ತದ” ಎಂದುಬಿಟ್ಟರು. ತಾಂಡೂರಿನಲ್ಲಿ ಕ್ಷೌರಿಕನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿರುತ್ತದೆ.

ಸಂಜೆ ಶಾಲೆಯಿಂದ ಬರುವಾಗ ಮಾಸ್ತರರು ಹಿಂಡಿಹಾಕಿದ ಧೋತರದಂತಾಗಿದ್ದರು. ಇದೇ ಕಲ್ಲಿನ ಲೆಕ್ಕವನ್ನು, ಸರಕಾರದ ಅಪ್ಪಣೆಯಂತೆ ಉರ್ದುವಿನಲ್ಲಿ, ನಾಲ್ಕು ಸಲ ಬಿಡಿಸಿದ್ದರು. ನಾಲ್ಕು ಸಲವೂ ಹುಡುಗರು ಕಲ್ಲನ್ನು ಆಕಾಶದಲ್ಲೇ ಬಿಟ್ಟು ಕಿಟಕಿ ನೋಡಿದ್ದರು. ಮನೆಗೆ ಹೋಗಿ ಅಡ್ಡಾಗಬೇಕು ಎಂದು ಓಣಿಗೆ ಕಾಲಿಟ್ಟರೆ, ಮೊದಲ ಮನೆಯ ತುಳಜಾಬಾಯಿಯ ಅಂಗಳದ ತುಂಬ ಜನ.

“ಬರ್ರಿ ಮಾಸ್ತರ! ನಿಮ್ಮದೇ ದಾರಿ ನೋಡ್ಲಿಕತ್ತೀವಿ” ಎಂದ ಪೊಲೀಸ್ ಪಟೇಲ ಮೊಗಲಪ್ಪ. ಎಲ್ಲಿಂದಲೋ ಹಾರಿಬಂದ ಕಲ್ಲು ಅಂಗಳದ ಚಪ್ಪರ ತೂರಿ, ನೀರು ತುಂಬಿದ ರಂಜಣಿಗೆಯನ್ನು ಒಡೆದಿತ್ತು. “ಒಗದವರು ಯಾರು ಅಂತ ಹೇಳ್ರಿ. ಹೊಸ ರಂಜಣಿಗಿ ಬರೋತನಕ ಈಕಿ ಮನಿಗೆ ಅವರೇ ನೀರು ಹೊರಬೇಕು.”

“ನಾಳೆ ನೋಡೋಣ್ರಿ, ಪಟೇಲರ…”

“ನಾಳೆತನಕ ನಾ ಏನು ಕುಡೀಲ್ರಿ?” ಎಂದಳು ತುಳಜಾಬಾಯಿ.

ಮಾಸ್ತರರು ನಿಟ್ಟುಸಿರಿಟ್ಟು ಚಪ್ಪರದ ತೂತಿನಿಂದ ಒಡೆದ ಜಾಗಕ್ಕೆ ದಾರ ಹಿಡಿದು ನೋಡಿದರು. ಕಲ್ಲು ಸರಿಯಾಗಿ ಅರ್ಧ ಲಂಬಕೋನದಲ್ಲಿ ಇಳಿದಿತ್ತು. ಇನ್ನು ವೇಗ ಗೊತ್ತಾಗಬೇಕು. ಊರಿನವರ ಕೈಜೋರಿನ ಅಂದಾಜಿಗೆಂದು ಕುರುಬರ ಅಮೋಘಸಿದ್ದನನ್ನು ಕರೆದು, “ಒಂದು ಕಲ್ಲು ನೆಟ್ಟಗ ಮ್ಯಾಲಕ ಒಗಿಯಪ್ಪ, ನಾ ಟೈಮ್ ನೋಡ್ತೀನಿ” ಎಂದರು.

ಅಮೋಘಸಿದ್ದ ಒಗೆದ. ಜನರೆಲ್ಲ ಕಲ್ಲು ನೋಡುತ್ತ ಹಿಂದೆ ಸರಿದರು. ಮಾಸ್ತರರು ಗಡಿಯಾರ ನೋಡುತ್ತ ನಿಂತರು. ಕಲ್ಲು ಅವರ ಹೆಬ್ಬೆರಳಿನ ಮೇಲೇ ಇಳಿಯಿತು.

“ನಾಲ್ಕು ಸೆಕೆಂಡೋ ಯಪ್ಪಾ!” ಎಂದು ಕುಂಟುತ್ತಲೇ ಕೂಗಿದರು.

ಗೋಡೆಯ ಮೇಲೆ ಇದ್ದಲಿಯಿಂದ ಲೆಕ್ಕ ನಡೆಯಿತು. ಏರಲು ಎರಡು ಸೆಕೆಂಡು, ಇಳಿಯಲು ಎರಡು. ಸೆಕೆಂಡಿಗೆ ಮೂವತ್ತೆರಡು ಫೂಟಿನಂತೆ ವೇಗ ಕುಗ್ಗುವುದಾದರೆ ಹೊರಟಾಗ ಅರವತ್ತನಾಲ್ಕು. ಅದನ್ನು ಅದರಿಂದಲೇ ಗುಣಿಸಿ ಮೂವತ್ತೆರಡರಿಂದ ಭಾಗಿಸಿದರೆ ನೂರಾ ಇಪ್ಪತ್ತೆಂಟು ಫೂಟು.

ಹದಿನಾರು ಫೂಟಿನ ಹಗ್ಗ ತಂದು, ಕಲ್ಲು ಬಂದ ದಿಕ್ಕಿಗೆ ಓಣಿಯುದ್ದಕ್ಕೂ ಅಳೆಯುತ್ತ ಹೊರಟರು. ಹಿಂದೆ ಮದುವೆ ದಿಬ್ಬಣದಷ್ಟು ಜನ. ಎಂಟನೇ ಹಗ್ಗ ಮುಗಿದದ್ದು ಪಟೇಲನ ಮನೆಯ ಹೊಸ್ತಿಲಲ್ಲಿ.

ಮೊಗಲಪ್ಪ ಮೀಸೆಯ ಮೇಲೆ ಕೈಯಿಟ್ಟು, “ಲೆಕ್ಕ ಮತ್ತೊಮ್ಮೆ ನೋಡ್ರಿ ಮಾಸ್ತರ” ಎಂದ. ದನಿ ಮೆತ್ತಗಿತ್ತು, ಆ ಮೆತ್ತಗೇ ಮಾಸ್ತರರನ್ನು ಹೆದರಿಸಿತು.

“ಹಾಂ… ಹೌದ್ರಿ! ಅರ್ಧ ಮಾಡೂದೇ ಮರ್ತಿದ್ದೆ” ಎಂದರು ಮಾಸ್ತರರು ಬೆವರು ಒರೆಸಿಕೊಳ್ಳುತ್ತ. “ಅರವತ್ತನಾಲ್ಕೇ ಫೂಟು. ನಾಲ್ಕೇ ಹಗ್ಗ!”

ನಾಲ್ಕನೇ ಹಗ್ಗ ಎಲ್ಲಿ ಮುಗಿದಿತ್ತೆಂದು ಅವರಿಗೆ ನೆನಪಾಗುವಷ್ಟರಲ್ಲಿ ಜನ ಹಿಂದಿರುಗಿ ನಡೆದಾಗಿತ್ತು. ಎಲ್ಲರೂ ಹೋಗಿ ನಿಂತದ್ದು ಮಾಸ್ತರರದೇ ಮನೆಯ ಮುಂದೆ.

ಲೆಕ್ಕ ಮತ್ತೆ ತಪ್ಪಿತು ಎನ್ನಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ತಾರಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

“ನಾ ಬೇಕಂತ ಒಗದಿಲ್ರೀ! ಮಂಗ್ಯಾ ಹಪ್ಪಳ ಎತ್ಗೊಂಡು ಓಡಾಕತ್ತಿತ್ತು. ಅದಕ್ಕ ಒಗದೆ, ಅಲ್ಲಿ ಹೋಗಿ ಬಿತ್ತು!”

ಮೊಗಲಪ್ಪನೇ ಮೊದಲು, “ಶಾಬಾಸ್ ಮಾಸ್ತರ! ಸ್ವಂತ ಹೇಣ್ತೀನೂ ಬಿಡಲಿಲ್ಲ!” ಎಂದು ಬೆನ್ನು ತಟ್ಟಿದ. ತುಳಜಾಬಾಯಿ ಬಿಂದಿಗೆ ತಂದು ಮಾಸ್ತರರ ಕೈಗಿಟ್ಟಳು.

ಕುಂಟುತ್ತ ಮೂರನೇ ಬಿಂದಿಗೆ ಹೊತ್ತು ಮಾಸ್ತರರು ತಮ್ಮ ಮನೆಯ ಮುಂದೆ ಹಾಯುವಾಗ ತಾರಾಬಾಯಿ ಬಾಗಿಲಲ್ಲಿ ಮುಖ ತಿರುಗಿಸಿ ನಿಂತಿದ್ದಳು.

“ಹೇಣ್ತಿ ಅಂತ ಗೊತ್ತಾದ ಮ್ಯಾಲಾದರೂ, ಲೆಕ್ಕ ಒಂದೀಟು ತಪ್ಪು ಮಾಡಾಕ ಬರತಿದ್ದಿಲ್ಲೇನ್ರಿ?”