ಆಪ್‌ನಲ್ಲಿ ಅಡ್ಡ ಬಿದ್ದ ವರ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಒಂದು ಕಡೆ ನಿಲ್ಲದೆ ಹತ್ತಾರು ಕೆಲಸ ಮಾಡಿದವನು ನಾನು. ಎಲ್ಲಿ ಹೋದರೂ ಒಂದು ಎಡವಟ್ಟು ನನಗಿಂತ ಮುಂಚೆಯೇ ಬಂದು ಕೂತಿರುತ್ತೆ. ಈಗ ಚೆನ್ನೈನಲ್ಲಿ, ಕನ್ನಡದವರಿಗೆ ಗಂಡು-ಹೆಣ್ಣು ತೋರಿಸೋ ಮೊಬೈಲ್ ಆಪ್‌ಗೆ ಮನೆಮನೆಗೆ ಹೋಗಿ ಫೋಟೋ ತೆಗೀತೀನಿ.

ಮಲಗಿದ ಗಂಡು

ಟಿ. ನಗರದಲ್ಲಿ ಜವಳಿ ವ್ಯಾಪಾರದ ಶೈವರ ಮನೆ. ಮಗನಿಗೆ ಮೂವತ್ತಾರು, ಹೆಣ್ಣು ಹುಡುಕಿ ಹುಡುಕಿ ತಾಯಿ ಸೋತಿದ್ದರು. ಪೂಜೆ ಮುಗಿಸಿ ಬಂದವನ ಹಣೆ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಮುಖ ತುಂಬ ಬರೋ ಹಾಗೆ ತೆಗೆದು ಕಳಿಸಿದೆ. ಸಂಜೆ ತಾಯಿ ಫೋನ್ ಮಾಡಿದರು. ಆಪ್‌ನಲ್ಲಿ ಮಗ ಅಡ್ಡಡ್ಡ ಮಲಗಿದ್ದಾನಂತೆ.

"ಮೊದಲೇ ಯಾರೂ ಕೇಳ್ತಿಲ್ಲಪ್ಪ. ಈಗ ಎದ್ದು ಕೂರೋಕೂ ಆಗದವನು ಅಂದ್ಕೋತಾರೆ."

ಓದದ ಚೀಟಿ

ಗಿಂಡಿ ಏರಿಯಾದ ನಮ್ಮ ಆಫೀಸಿನಲ್ಲಿ ಇಂಜಿನಿಯರಮ್ಮ ಬಿಡಿಸಿ ಹೇಳಿದರು. ಫೋನು ಫೋಟೋನ ತಿರುಗಿಸೋದಿಲ್ಲ, 'ಈ ಕಡೆ ಮೇಲೆ' ಅಂತ ಒಳಗೊಂದು ಚೀಟಿ ಇಟ್ಟಿರುತ್ತಂತೆ. ನಮ್ಮ ಆಪ್ ಅದನ್ನ ಓದೋದೇ ಇಲ್ಲವಂತೆ. ಗೋದಾಮಿನಲ್ಲಿದ್ದಾಗ ನಾನೂ ಡಬ್ಬದ ಮೇಲೆ ಬರೆದದ್ದು ಓದದೆ ತಲೆಕೆಳಗಿಟ್ಟಿದ್ದೆ. ಆಗ ನನ್ನನ್ನ ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಆಪ್‌ಗಾದರೆ ಅಪ್‌ಡೇಟ್ ಕೊಡ್ತಾರಂತೆ.

ತಾತನ ಕುತ್ತಿಗೆ

ಅಪ್‌ಡೇಟ್ ಬರೋ ಮುಂಚೆಯೇ ತಿರುವೊಟ್ಟಿಯೂರಿನ ಒಂದು ವೈಷ್ಣವರ ಮನೆಯಿಂದ ಒಪ್ಪಿಗೆ ಬಂತು. ಹುಡುಗಿಯ ತಾತನಿಗೆ ಸಣ್ಣ ಅಕ್ಷರ ಕಾಣೋದಿಲ್ಲ, ಫೋಟೋ ಮಾತ್ರ ನೋಡಿದ್ದರು. ಮುಖ ಮಲಗಿದ್ದಕ್ಕೆ ವಿಭೂತಿ ಎದ್ದು ನಿಂತಿತ್ತು: ನೆಟ್ಟಗೆ ಬಿಳಿ ಗೆರೆ, ಮಧ್ಯೆ ಕೆಂಪು. ಒಳ್ಳೇ ನಾಮ ಅಂದುಕೊಂಡರು. ಹುಡುಗ ಯಾಕೆ ಮಲಗಿದ್ದಾನೆ ಅಂತ ಯಾರೋ ಕೇಳಿದ್ದಕ್ಕೆ, ನಮ್ಮ ರಂಗನಾಥನೂ ಮಲಗೇ ಇರೋದು ಅಂದರಂತೆ.

ಭಾನುವಾರ ಗಂಡಿನ ಮನೆ ನೋಡೋಕೆ ಬಂದರು. ಫೋಟೋ ತೆಗೆದವನೂ ಇರಲಿ ಅಂತ ತಾಯಿ ನನ್ನನ್ನೂ ಕರೆಸಿದ್ದರು. ಹುಡುಗ ಬಂದ. ಅವನು ನಿಂತಿದ್ದ, ಗೆರೆಗಳು ಮಲಗಿದ್ದವು. ತಾತನ ಕಾಫಿ ಲೋಟ ಅರ್ಧದಲ್ಲೇ ನಿಂತಿತು.

"ಫೋಟೋದಲ್ಲಿ ನಮ್ಮವನೇ ಇದ್ದನಲ್ಲಪ್ಪ" ಅಂದರು ನನಗೆ.

ತಾಯಿಯ ಸೆರಗು ಕಣ್ಣಿಗೆ ಹೋಯಿತು. ಚೀಟಿ ವಿಷಯ ಹೇಳೋಕೆ ನಾನು ಬಾಯಿ ತೆರೆಯೋಷ್ಟರಲ್ಲಿ, ಇಲ್ಲೇ ಬೆಳೆದ ಹುಡುಗಿ ತಮಿಳಿನಲ್ಲಿ ಮೆಲ್ಲಗೆ ಅಂದಳು, ಆಪ್‌ನಲ್ಲಿ ಶೈವರು ಅಂತ ಬರೆದಿದ್ದನ್ನ ತಾನು ಓದಿದ್ದೆ, ಓದಿಯೇ ಒಪ್ಪಿದ್ದು ಅಂತ.

ತಾತ ಲೋಟ ಕೆಳಗಿಟ್ಟರು. ಆಮೇಲೆ ತಲೆಯನ್ನ ಪೂರಾ ಹೆಗಲಿಗೆ ಒರಗಿಸಿ ಹುಡುಗನ್ನ ನೋಡಿದರು.

"ಹೀಗೆ ನೋಡಿದರೆ ಸರಿಯಾಗೇ ಇದ್ದಾನೆ. ಧಾರೆ ಹೊತ್ತಲ್ಲಿ ಮಾತ್ರ ನನಗೊಂದು ದಿಂಬು ಕೊಡಿ, ಒರಗಿಕೊಂಡೇ ನೋಡ್ತೀನಿ."